ಐದು ಯೆನ್ನಿನ ಕಥೆಗಾರ

ಕನ್ಹಾನ್ ಎನ್ನುವುದು ನಾಗಪುರದ ಉತ್ತರಕ್ಕೆ ಹರಿಯುವ ನದಿಯ ಹೆಸರು, ಅದರ ದಂಡೆಯ ಊರಿನ ಹೆಸರೂ ಹೌದು. ನಾಗಪುರದವರು ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಈ ನದಿಯದು. ಹೌರಾ-ಮುಂಬೈ ರೈಲು ಮಾರ್ಗ ಇಲ್ಲಿ ಹೊಳೆ ದಾಟುತ್ತದೆ. ಕಾಳಿದಾಸನ ಯಕ್ಷ ಮೋಡಕ್ಕೆ ಸಂದೇಶ ಹೇಳಿ ಕಳಿಸಿದ ರಾಮಗಿರಿ ಎಂದು ಜನ ನಂಬುವ ರಾಮ್‌ಟೆಕ್‌ಗೆ ಇಲ್ಲಿಂದಲೇ ಒಂದು ಕವಲು ಹಳಿ ಹೋಗುತ್ತದೆ. ಸುತ್ತ ಕಲ್ಲಿದ್ದಲು ಗಣಿಗಳು, ಆಚೆ ಖಾಪರ್‌ಖೇಡಾ ಮತ್ತು ಕೊರಾಡಿಯ ವಿದ್ಯುತ್ ಸ್ಥಾವರಗಳ ಚಿಮಣಿಗಳು. ಹೆಂಡತಿ ಗಣಿ ಕಾರ್ಮಿಕರ ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಕ್ವಾರ್ಟರ್ಸಿನ ಹಿಂದಿನ ಕೋಣೆಯೇ ನನ್ನ ಆಫೀಸು. ಬೆಳಿಗ್ಗೆ ಆರಕ್ಕೆ ಲ್ಯಾಪ್‌ಟಾಪ್ ತೆರೆಯುತ್ತೇನೆ. ನನ್ನ ಕ್ಲಯಂಟ್ ಜಪಾನಿನವರು, ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ.

ಹನ್ನೊಂದು ವರ್ಷ ಅವರೊಂದಿಗೆ ಕೆಲಸ ಮಾಡುತ್ತ ಅಷ್ಟಿಷ್ಟು ಜಪಾನಿ ಕಲಿತೆ. ಮೀಟಿಂಗಿಗೆ ಬೇಕಾದಷ್ಟು ಬಂದ ಮೇಲೆ, ಮೀಟಿಂಗಿಗೆ ಬೇಡವಾದದ್ದನ್ನೂ ಓದಬೇಕೆನಿಸಿತು. ಮಕ್ಕಳ ಪುಸ್ತಕದಿಂದ ಶುರು ಮಾಡಿದರೆ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಜಪಾನಿನ ಮಕ್ಕಳ ಪುಸ್ತಕ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುವುದು ತೆತ್ಸುಕೊ ಕುರೊಯಾನಾಗಿ ಬರೆದ ‘ತೊತ್ತೋಚಾನ್’. ರೈಲು ಡಬ್ಬಿಗಳಲ್ಲಿ ನಡೆಯುವ ಶಾಲೆಯ ಆ ಪುಸ್ತಕ 1981ರದ್ದು, ಕನ್ನಡಕ್ಕೂ ಬಂದಿದೆ. ಅದನ್ನು ಆಗಲೇ ಓದಿದ್ದೇನೆ, ಮುಂದೆ ಯಾರು ಎಂದು ಕೇಳಿದಾಗ ಕ್ಲಯಂಟ್ ಕಡೆಯ ಹಿರಿಯರೊಬ್ಬರು ಸ್ವಲ್ಪ ಯೋಚಿಸಿ ಹೇಳಿದ ಹೆಸರು ಕೆಂಜಿ ಮಿಯಾಜಾವಾ. ಸುಲಭವೇನಲ್ಲ ಎಂದೂ ಎಚ್ಚರಿಸಿದರು. ಅವರು ಹೇಳಿದ್ದು ನಿಜ. ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕಾಯಿತು. ಓದಿದ್ದನ್ನು ರಾತ್ರಿ ಮಗಳಿಗೆ ಕನ್ನಡದಲ್ಲಿ ಹೇಳುವುದು ರೂಢಿಯಾಯಿತು. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಎಂದು ಹಂಚಿಹೋದ ಅವಳ ದಿನದಲ್ಲಿ ಕನ್ನಡಕ್ಕೆ ಉಳಿದಿರುವುದು ಆ ಅರ್ಧ ಗಂಟೆ ಮಾತ್ರ.

ಕೆಂಜಿ ಹುಟ್ಟಿದ್ದು 1896ರ ಆಗಸ್ಟ್ 27ರಂದು, ಜಪಾನಿನ ಈಶಾನ್ಯ ಭಾಗದ ಇವಾತೆ ಸೀಮೆಯ ಹನಮಾಕಿ ಊರಿನಲ್ಲಿ. ಅದೇ ಜೂನಿನಲ್ಲಿ ಆ ಕರಾವಳಿಗೆ ಭಾರೀ ಸುನಾಮಿ ಅಪ್ಪಳಿಸಿ ಸಾವಿರಾರು ಜನ ಸತ್ತಿದ್ದರು. ಕೂಸು ಹುಟ್ಟಿ ನಾಲ್ಕು ದಿನಕ್ಕೆ ಒಳನಾಡಿನಲ್ಲಿ ಭೂಕಂಪ. ಆ ಸೀಮೆ ಮೊದಲೇ ಬಡತನದ್ದು. ಬೇಸಿಗೆಯಲ್ಲಿ ಸಾಗರದ ಕಡೆಯಿಂದ ‘ಯಾಮಾಸೆ’ ಎಂಬ ತಣ್ಣನೆ ಗಾಳಿ ಬೀಸಿತೆಂದರೆ ಭತ್ತ ಕಾಳು ಕಟ್ಟುವುದಿಲ್ಲ. ನಮಗೆ ಬರ ಎಂದರೆ ಮಳೆ ಇಲ್ಲದ್ದು, ಅವರಿಗೆ ಬರ ಎಂದರೆ ಬಿಸಿಲು ಇಲ್ಲದ್ದು. 1905ರಲ್ಲಿ, ಮತ್ತೆ 1913ರಲ್ಲಿ ಬೆಳೆ ನೆಲಕಚ್ಚಿತು.

ಇಂಥ ಊರಿನಲ್ಲಿ ಕೆಂಜಿಯ ಮನೆಯವರದು ಗಿರವಿ ಅಂಗಡಿ. ಬೆಳೆ ಹೋದ ವರ್ಷ ರೈತರು ಬಟ್ಟೆಬರೆ ತಂದು ಅಡವಿಡುತ್ತಿದ್ದರು, ಅಂದರೆ ಊರಿಗೆ ಕಷ್ಟ ಬಂದಷ್ಟೂ ಈ ಮನೆಗೆ ವ್ಯಾಪಾರ. ಹಿರಿಮಗ ಅಂಗಡಿ ನೋಡಿಕೊಳ್ಳಬೇಕೆಂದು ತಂದೆ ಮಾಸಾಜಿರೊ ಅವರ ಆಸೆ. ಮಗನಿಗೆ ಆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದೇ ಹಿಂಸೆ. ಅವನಿಗೆ ಕಲ್ಲುಗಳ ಹುಚ್ಚು, ಬೆಟ್ಟ ಹತ್ತುವ ಹುಚ್ಚು. ಹದಿನೆಂಟನೇ ವಯಸ್ಸಿನಲ್ಲಿ ‘ಸದ್ಧರ್ಮಪುಂಡರೀಕ ಸೂತ್ರ’ ಓದಿ ಮೈ ನಡುಗಿತಂತೆ. ಸಂಸ್ಕೃತದಲ್ಲಿ ಹುಟ್ಟಿ, ಕುಮಾರಜೀವನ ಕೈಯಲ್ಲಿ ಚೀನೀ ಭಾಷೆಗೆ ಹೋಗಿ, ಅಲ್ಲಿಂದ ಜಪಾನ್ ಸೇರಿದ ಗ್ರಂಥ ಅದು. ಮನೆಯವರದು ಬೇರೆ ಬೌದ್ಧ ಪಂಥ. ಅಲ್ಲಿಂದ ಅಪ್ಪ-ಮಗನ ನಡುವೆ ಜೀವನಪೂರ್ತಿ ವಾಗ್ವಾದ. ಮಾಂಸ ತಿನ್ನುವುದನ್ನೂ ಬಿಟ್ಟ.

ಬೌದ್ಧ ಧರ್ಮದ ಈ ಓಡಾಟ ನನ್ನ ಕಣ್ಣೆದುರಿಗೇ ಇದೆ. ಹೊಳೆಯಾಚೆ ಕಾಮ್ಠಿಯಲ್ಲಿ ‘ಡ್ರ್ಯಾಗನ್ ಪ್ಯಾಲೇಸ್’ ಎಂಬ ಬುದ್ಧ ಮಂದಿರವಿದೆ. ನೊರಿಕೊ ಒಗಾವಾ ಎಂಬ ಜಪಾನಿ ಮಹಿಳೆಯ ನೆರವಿನಿಂದ 1999ರಲ್ಲಿ ಆದದ್ದು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದ ಮೇಲೆ ಈ ಸೀಮೆಯ ಲಕ್ಷಾಂತರ ಮನೆಗಳಲ್ಲಿ ಬುದ್ಧನ ಪಟವಿದೆ. ಇಲ್ಲಿಂದ ಹೊರಟದ್ದು ಎಲ್ಲೆಲ್ಲೋ ಸುತ್ತಿ ಇಲ್ಲಿಗೇ ಬಂದಿದೆ. ಭಾನುವಾರ ಆ ಮಂದಿರದ ಹುಲ್ಲುಹಾಸಿನ ಮೇಲೆ ಕೂತು ಡಬ್ಬಿ ಬಿಚ್ಚುವ ಗಣಿ ಕಾರ್ಮಿಕರ ಕುಟುಂಬಗಳನ್ನು ಕೆಂಜಿ ಕಂಡಿದ್ದರೆ ಖುಷಿಪಡುತ್ತಿದ್ದ ಎಂದು ನನಗೆ ಅನಿಸುತ್ತದೆ.

ಮೊರಿಯೊಕಾದ ಕೃಷಿ ಕಾಲೇಜಿನಲ್ಲಿ ಓದಿದ ಕೆಂಜಿ, 1921ರ ಜನವರಿಯಲ್ಲಿ ಮನೆಯಲ್ಲಿ ಹೇಳದೆ ಟೋಕಿಯೋಗೆ ಓಡಿಹೋದ. ಹಗಲು ಒಂದು ಸಣ್ಣ ಅಂಗಡಿಯಲ್ಲಿ ಸ್ಟೆನ್ಸಿಲ್ ಕೊರೆಯುವ ಕೆಲಸ, ಉಳಿದ ಹೊತ್ತು ಬರವಣಿಗೆ. ಕೆಲವು ತಿಂಗಳಾದ ಮೇಲೆ ತಂಗಿ ತೋಶಿಗೆ ಕಾಯಿಲೆ ಎಂದು ಸುದ್ದಿ ಬಂತು. ದೊಡ್ಡ ಟ್ರಂಕಿನ ತುಂಬ ಕಥೆಗಳನ್ನು ತುಂಬಿಕೊಂಡು ಊರಿಗೆ ಮರಳಿದ. ಆ ವರ್ಷದ ಕೊನೆಗೆ ಊರಿನ ಕೃಷಿ ಶಾಲೆಯಲ್ಲಿ ಮೇಷ್ಟ್ರಾದ. ಹುಡುಗರಿಂದ ನಾಟಕ ಆಡಿಸುವುದು, ಪಾಠ ಬಿಟ್ಟು ನದಿ ದಂಡೆಗೆ ಕರೆದೊಯ್ದು ಕಲ್ಲು ತೋರಿಸುವುದು, ಸಂಬಳದಲ್ಲಿ ಗ್ರಾಮಫೋನ್ ತಟ್ಟೆ ಕೊಳ್ಳುವುದು. ಹೀಗೆ ನಾಲ್ಕು ವರ್ಷ ಚೆನ್ನಾಗಿ ಕಳೆದವು.

ಆ ಹೊತ್ತಿನಲ್ಲಿ ‘ಯುಕಿವಾತಾರಿ’ ಎಂಬ ಕಥೆ ಒಂದು ಪತ್ರಿಕೆಯಲ್ಲಿ ಬಂತು. ಗಟ್ಟಿಯಾದ ಹಿಮದ ಮೇಲೆ ನಡೆದು ನರಿಮರಿಗಳ ಕಾರ್ಯಕ್ರಮ ನೋಡಲು ಹೋಗುವ ಅಣ್ಣ-ತಂಗಿಯ ಕಥೆ ಅದು. ಸಂಭಾವನೆ 5 ಯೆನ್. ಇಡೀ ಜೀವನದಲ್ಲಿ ಕೆಂಜಿ ಬರವಣಿಗೆಯಿಂದ ಸಂಪಾದಿಸಿದ್ದು ಅಷ್ಟೇ ಎನ್ನುತ್ತಾರೆ. 1924ರಲ್ಲಿ ಎರಡು ಪುಸ್ತಕ ಬಂದವು. ಕವಿತೆಗಳ ‘ವಸಂತ ಮತ್ತು ಅಸುರ’ವನ್ನು ಸ್ವಂತ ಖರ್ಚಿನಲ್ಲಿ ತಂದ. ಮಕ್ಕಳ ಕಥೆಗಳ ಸಂಕಲನದಲ್ಲಿ 200 ಪ್ರತಿಗಳನ್ನು ಅಪ್ಪನಿಂದ ಹಣ ಪಡೆದು ತಾನೇ ಕೊಂಡುಕೊಂಡ. ಬದುಕಿದ್ದಾಗ ಬಂದ ಪುಸ್ತಕಗಳು ಈ ಎರಡೇ.

ಆ ಸಂಕಲನದ ಹೆಸರಿನ ಕಥೆಯನ್ನು ನಮ್ಮ ಮನೆಯಲ್ಲಿ ‘ಬಹಳ ಆರ್ಡರಿನ ಹೋಟೆಲು’ ಎನ್ನುತ್ತೇವೆ. ಪೇಟೆಯ ಇಬ್ಬರು ಶ್ರೀಮಂತರು ಬೇಟೆಗೆ ಬಂದು ಕಾಡಿನಲ್ಲಿ ದಾರಿ ತಪ್ಪುತ್ತಾರೆ. ಹಸಿವು. ನಡುಕಾಡಿನಲ್ಲಿ ಒಂದು ಭರ್ಜರಿ ಹೋಟೆಲು. ‘ಇಲ್ಲಿ ಆರ್ಡರ್ ಬಹಳ’ ಎಂಬ ಬೋರ್ಡು. ಗಿರಾಕಿ ಜಾಸ್ತಿ ಇರಬೇಕು ಎಂದು ಒಳಗೆ ಹೋಗುತ್ತಾರೆ. ಒಂದು ಬಾಗಿಲ ಮೇಲೆ ಟೋಪಿ, ಬೂಟು ಬಿಚ್ಚಿ ಎಂದಿದೆ. ಸರಿ, ಯಾರೋ ದೊಡ್ಡವರು ಊಟಕ್ಕೆ ಬಂದಿರಬೇಕು. ಬಂದೂಕು ಇಲ್ಲಿಡಿ ಎಂದಿದೆ. ಸರಿ, ಬಂದೂಕು ಹಿಡಿದು ಉಣ್ಣುವುದು ಶಿಷ್ಟಾಚಾರವಲ್ಲ. ಕೈಗೆ, ಮುಖಕ್ಕೆ, ಕಾಲಿಗೆ ಕ್ರೀಮು ಹಚ್ಚಿಕೊಳ್ಳಿ. ಸರಿ, ಹೊರಗೆ ಚಳಿ, ಚರ್ಮ ಒಡೆಯಬಾರದಲ್ಲ. ಪ್ರತಿ ಆಜ್ಞೆಗೂ ಅವರೇ ಒಂದು ಒಳ್ಳೆ ಕಾರಣ ಹುಡುಕಿಕೊಳ್ಳುತ್ತಾರೆ. ಕೊನೆಗೆ, ಮೈತುಂಬ ಉಪ್ಪು ತಿಕ್ಕಿಕೊಳ್ಳಿ ಎಂಬಲ್ಲಿಗೆ ಬಂದಾಗ ಗೊತ್ತಾಗುತ್ತದೆ, ಆರ್ಡರ್ ಮಾಡುತ್ತಿರುವುದು ಗಿರಾಕಿಯಲ್ಲ, ಹೋಟೆಲು. ಊಟವೂ ತಾವೇ.

ಮಗಳು ಬಿದ್ದುಬಿದ್ದು ನಕ್ಕಳು. ನಾನು ಅಷ್ಟು ನಗಲಿಲ್ಲ. ಮೊಬೈಲಿನಲ್ಲಿ ಒಂದೊಂದೇ ‘ಅಲೋ’ ಒತ್ತುತ್ತ ಒಳಗೆ ಹೋಗುವ ನಮಗೆಲ್ಲ ಆ ಬಾಗಿಲುಗಳ ಪರಿಚಯ ಇದೆ. ಅವರಿಬ್ಬರ ಜೀವವೇನೋ ಉಳಿಯುತ್ತದೆ. ಆದರೆ ಹೆದರಿಕೆಗೆ ಮುದುಡಿದ ಕಾಗದದಂತಾದ ಮುಖಗಳು ಟೋಕಿಯೋಗೆ ಹೋಗಿ ಬಿಸಿನೀರಿನಲ್ಲಿ ಮಿಂದರೂ ಮೊದಲಿನಂತಾಗುವುದಿಲ್ಲ. ಮಕ್ಕಳ ಕಥೆಯೆಂದು ಎಲ್ಲವನ್ನೂ ಸರಿಪಡಿಸಿ ಮುಗಿಸುವ ಜಾಯಮಾನ ಕೆಂಜಿಯದಲ್ಲ.

ತನ್ನ ಕಥೆಗಳು ನಡೆಯುವ ನಾಡಿಗೆ ಅವನು ‘ಇಹಾತೋವ್’ ಎಂದು ಹೆಸರಿಟ್ಟ. ಇವಾತೆ ಎಂಬ ತನ್ನ ಸೀಮೆಯ ಹೆಸರನ್ನೇ ಯಾವುದೋ ಪರದೇಶದ ಭಾಷೆಯದೆಂಬಂತೆ ತಿರುಚಿದ್ದು. ಅದೇ ಬೆಟ್ಟ, ಅದೇ ಹೊಳೆ, ಅದೇ ಬಡ ರೈತರು, ಆದರೆ ಅಲ್ಲಿ ನರಿ ಮಾತಾಡುತ್ತದೆ, ವಿದ್ಯುತ್ ಕಂಬಗಳು ಕವಾಯತು ಮಾಡುತ್ತವೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಕುವೆಂಪು ಜರ್ಮನಿಯ ಹಳೆಯ ಕಥೆಯೊಂದನ್ನು ತಂದು ತುಂಗಾತೀರದ ಬೊಮ್ಮನಹಳ್ಳಿಯಲ್ಲಿ ಇಳಿಸಿದರು. ಇವನು ಊರನ್ನು ಪರದೇಶ ಮಾಡಿದ, ಅವರು ಪರದೇಶವನ್ನು ಊರು ಮಾಡಿದರು. ಊರು ಬಿಟ್ಟು ಬಂದ ನಮ್ಮಂಥವರು ಎರಡನ್ನೂ ಮಾಡುತ್ತಿರುತ್ತೇವೆ. ಮಗಳಿಗೆ ನಾನು ಹೇಳುವ ಹಾವೇರಿ ಜಿಲ್ಲೆಯ ನಮ್ಮ ಹಳ್ಳಿ ಅವಳ ಪಾಲಿಗೆ ಒಂದು ಇಹಾತೋವ್. ಅಲ್ಲಿನ ಎತ್ತುಗಳಿಗೆ ಹೆಸರಿವೆ, ಬಾವಿಗೆ ಸಿಟ್ಟು ಬರುತ್ತದೆ. ರಜೆಗೆ ಹೋದಾಗ ಅದನ್ನು ಹುಡುಕುತ್ತಾಳೆ.

1922ರ ನವೆಂಬರ್ 27ರಂದು ತೋಶಿ ತೀರಿಕೊಂಡಳು. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಮನೆಯಲ್ಲಿ ಅವನ ನಂಬಿಕೆಯನ್ನೂ ಬರಹವನ್ನೂ ಪೂರಾ ಅರ್ಥ ಮಾಡಿಕೊಂಡಿದ್ದವಳು ಅವಳೊಬ್ಬಳೇ. ಮುಂದಿನ ಬೇಸಿಗೆಯಲ್ಲಿ ಕೆಂಜಿ ಉತ್ತರದ ಸಖಾಲಿನ್ ದ್ವೀಪದವರೆಗೆ ರೈಲು-ಹಡಗು ಹಿಡಿದು ಹೋದ. ಶಿಷ್ಯನೊಬ್ಬನಿಗೆ ಕೆಲಸ ಕೊಡಿಸುವುದು ನೆಪ. ಆ ಪ್ರಯಾಣದಿಂದ ಹುಟ್ಟಿದ್ದು ‘ಆಕಾಶಗಂಗೆಯ ರೈಲಿನ ರಾತ್ರಿ’ ಎಂದು ಓದುಗರು ನಂಬುತ್ತಾರೆ. ಜೊವಾನ್ನಿ ಎಂಬ ಬಡ ಹುಡುಗ ಅಚ್ಚುಮನೆಯಲ್ಲಿ ಅಕ್ಷರ ಆರಿಸಿ ದುಡಿಯುತ್ತಾನೆ. ಅಮ್ಮನಿಗೆ ಕಾಯಿಲೆ. ಹಬ್ಬದ ರಾತ್ರಿ ಒಂಟಿಯಾಗಿ ಗುಡ್ಡದ ಮೇಲೆ ಮಲಗಿದವನು ನೋಡಿದರೆ ನಕ್ಷತ್ರಗಳ ನಡುವೆ ಓಡುವ ರೈಲಿನಲ್ಲಿದ್ದಾನೆ. ಎದುರಿಗೆ ಗೆಳೆಯ ಕಾಂಪನೆಲ್ಲಾ, ಮೈ ಯಾಕೋ ಒದ್ದೆ. ಯಾರು ಯಾರೋ ಹತ್ತುತ್ತಾರೆ, ಇಳಿಯುತ್ತಾರೆ. ಮುಳುಗಿದ ಹಡಗಿನಿಂದ ಬಂದ ಮಕ್ಕಳೂ ಇದ್ದಾರೆ. ನಾವು ಎಲ್ಲಿಯವರೆಗೂ ಜೊತೆಯಲ್ಲೇ ಹೋಗೋಣ ಎಂದು ಜೊವಾನ್ನಿ ಹೇಳಿ ತಿರುಗುವಷ್ಟರಲ್ಲಿ ಎದುರಿನ ಸೀಟು ಖಾಲಿ. ಎಚ್ಚರಾಗಿ ಕೆಳಗಿಳಿದು ಬಂದರೆ ಹೊಳೆಯ ಹತ್ತಿರ ಜನ ಸೇರಿದ್ದಾರೆ. ಬಿದ್ದ ಸಹಪಾಠಿಯನ್ನು ಎತ್ತಲು ನೀರಿಗೆ ಹಾರಿದ ಕಾಂಪನೆಲ್ಲಾ ಮೇಲೆ ಬಂದಿಲ್ಲ.

ಹತ್ತಿರಹತ್ತಿರ ಏಳೆಂಟು ವರ್ಷ ಕೆಂಜಿ ಈ ಕಥೆಯನ್ನು ತಿದ್ದುತ್ತಲೇ ಇದ್ದ. ನಾಲ್ಕು ಕರಡುಗಳಾದವು, ಮುಗಿಯಲಿಲ್ಲ. ಅಚ್ಚಾದದ್ದು ಅವನು ಹೋದ ಮೇಲೆ, 1934ರಲ್ಲಿ. ಇದನ್ನು ಮಗಳಿಗೆ ಹೇಳಬೇಕೋ ಬೇಡವೋ ಎಂದು ಒಂದು ವಾರ ತಡೆದೆ. ಹೇಳಿದೆ. ಅವಳು ಅಳಲಿಲ್ಲ. ನಮ್ಮ ಮನೆಗೆ ಕೇಳಿಸುವಂತೆ ರಾತ್ರಿಯಿಡೀ ಕಲ್ಲಿದ್ದಲಿನ ಗೂಡ್ಸುಗಳು ಹೊಳೆ ದಾಟುತ್ತವೆ. ಅದರಲ್ಲಿ ಒಂದು ಸದ್ದು ಮಾಡಿದಾಗ, ‘ಅಪ್ಪಾ, ಇಳಿದವರಿಗೆ ತಾವು ಇಳಿಯೋ ಸ್ಟೇಷನ್ ಮೊದಲೇ ಗೊತ್ತಿತ್ತಾ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಹಿಂದಿನ ವರ್ಷ ತಾನೇ ಅವಳ ಅಜ್ಜಿ, ನನ್ನ ಅವ್ವ, ಹೋಗಿದ್ದಳು.

1926ರಲ್ಲಿ ಕೆಂಜಿ ಮೇಷ್ಟರಿಕೆಗೆ ರಾಜೀನಾಮೆ ಕೊಟ್ಟ. ನೀವೆಲ್ಲ ರೈತರಾಗಿ ಎಂದು ಹುಡುಗರಿಗೆ ಬೋಧಿಸಿ ತಾನು ಸಂಬಳ ಎಣಿಸುವುದು ಸರಿಯೆನಿಸಲಿಲ್ಲ. ಊರ ಹೊರಗಿನ ಮನೆಯಲ್ಲಿ ಒಬ್ಬನೇ ಇದ್ದುಕೊಂಡು ಬೇಸಾಯಕ್ಕಿಳಿದ. ‘ರಾಸು’ ಎಂಬ ಹೆಸರಿನ ರೈತರ ಕೂಟ ಕಟ್ಟಿದ. ಹಗಲು ಹೊಲ, ರಾತ್ರಿ ಮಣ್ಣಿನ ಪಾಠ, ಬಿಡುವಿನಲ್ಲಿ ಬೀಥೋವನ್ ತಟ್ಟೆ. ತಾನೂ ಚೆಲ್ಲೊ ಕಲಿಯಲು ಪ್ರಯತ್ನಪಟ್ಟ, ಎಸ್ಪೆರಾಂಟೊ ಕಲಿತ. ರೈತರು ತಮ್ಮ ಹೊಲದ ವಿವರ ತಂದರೆ ಯಾವ ಗೊಬ್ಬರ ಎಷ್ಟು ಎಂದು ಲೆಕ್ಕ ಬರೆದು ಕೊಡುತ್ತಿದ್ದ. ಹೀಗೆ ಬರೆದ ಪಟ್ಟಿಗಳು 2000 ದಾಟುತ್ತವೆ. ಒಂದಕ್ಕೂ ದುಡ್ಡು ತೆಗೆದುಕೊಳ್ಳಲಿಲ್ಲ.

ಊರಿನಲ್ಲಿ ನಮ್ಮ ಹೊಲ ನೋಡಿಕೊಳ್ಳುತ್ತಿರುವವನು ತಮ್ಮ. ಗೋವಿನಜೋಳ, ಹತ್ತಿ. ಒಮ್ಮೆ ಫೋನಿನಲ್ಲಿ ಅವನಿಗೆ ಇದನ್ನು ಹೇಳಿದೆ.

‘ಅಣ್ಣಾ, ಆ ಜಪಾನಿ ಮನಷ್ಯಾ ಒಂದ್ ಚೀಟಿಗೆ ಎಷ್ಟ್ ರೊಕ್ಕ ತಗೊಂತಿದ್ದಾ?’ ಎಂದ.

‘ಒಂದ್ ಪೈಸಾನೂ ಇಲ್ಲೋ.’

‘ಹಂಗಾರ ಮಂದಿ ನಂಬಿರಾಂಗಿಲ್ಲ ಬಿಡು. ಪುಕ್ಕಟೆ ಕೊಟ್ಟದ್ದನ್ನ ಯಾರ್ ಕೇಳ್ತಾರ? ಸಾಹುಕಾರ್ರ ಮಗಾ ಆಟಾ ಆಡಾಕ್ಹತ್ತ್ಯಾನ ಅಂದಿರ್ತಾರ.’

ಹೆಚ್ಚುಕಡಿಮೆ ಹಾಗೇ ಆಗಿತ್ತು. ಊರಿನ ಅನೇಕರಿಗೆ ಅವನು ಗಿರವಿ ಅಂಗಡಿಯವರ ವಿಚಿತ್ರ ಮಗ. ಹವಾಮಾನ ಕೈಕೊಟ್ಟು ಬೆಳೆ ಮಲಗಿದಾಗ, ಮಳೆಯಲ್ಲಿ ನೆನೆಯುತ್ತ ಹೊಲದಿಂದ ಹೊಲಕ್ಕೆ ಅವನೇ ಓಡಿದ. 1928ರಲ್ಲಿ ಶ್ವಾಸಕೋಶ ಕೆಟ್ಟು ಹಾಸಿಗೆ ಹಿಡಿದು, ಹಳೆಯ ಮನೆಗೇ ಮರಳಿದ. ಸ್ವಲ್ಪ ಚೇತರಿಸಿಕೊಂಡು 1931ರಲ್ಲಿ ಸುಣ್ಣಕಲ್ಲು ಪುಡಿ ಮಾಡುವ ಕಾರ್ಖಾನೆಯ ಪರವಾಗಿ ಊರೂರು ತಿರುಗಿದ. ಇವಾತೆಯ ಮಣ್ಣು ಹುಳಿ, ಅದಕ್ಕೆ ಸುಣ್ಣ ಬೇಕು ಎಂಬುದು ಅವನ ಓದಿನ ಸಾರ. ನಮ್ಮ ಎರೆಮಣ್ಣಿಗೆ ಅವನ ಸುಣ್ಣ ಬೇಕಿಲ್ಲ. ವಿದರ್ಭದ್ದಿರಲಿ, ಹಾವೇರಿಯದಿರಲಿ, ಅದರಲ್ಲಿ ಸುಣ್ಣದ ಹರಳು ಮೊದಲೇ ಇರುತ್ತದೆ. ಆದರೆ ಮಾದರಿ ಚೀಲ ಹೊತ್ತು ಟೋಕಿಯೋಗೆ ಹೋಗಿ ಅಲ್ಲಿ ಜ್ವರದಿಂದ ಕುಸಿದು, ಹೋಟೆಲ್ ಕೋಣೆಯಲ್ಲಿ ಮನೆಯವರಿಗೆ ವಿದಾಯದ ಪತ್ರ ಬರೆದ ಆ ಸೇಲ್ಸ್‌ಮನ್‌ನನ್ನು ಓದುವಾಗ, ಟಾರ್ಗೆಟ್ಟು, ಟೂರು ಕಂಡ ಯಾರಿಗಾದರೂ ಗಂಟಲು ಕಟ್ಟುತ್ತದೆ.

ಇನ್ನು ನಮ್ಮ ಮನೆಯಲ್ಲಿ ಜಗಳ ತಂದ ಕಥೆಯ ವಿಚಾರ. ‘ಗುಸ್ಕೊ ಬುದೊರಿಯ ಜೀವನಚರಿತ್ರೆ’, 1932ರದ್ದು. ಕಾಡಿನಲ್ಲಿ ಮರ ಕಡಿಯುವವನ ಮಗ ಬುದೊರಿ. ಎರಡು ವರ್ಷ ಬೇಸಿಗೆ ಬರುವುದಿಲ್ಲ, ಬೆಳೆ ಇಲ್ಲ. ಇದ್ದ ಹಿಟ್ಟು ಮಕ್ಕಳಿಗೆ ಉಳಿಯಲಿ ಎಂದು ಮೊದಲು ಅಪ್ಪ, ಆಮೇಲೆ ಅಮ್ಮ ಕಾಡಿಗೆ ನಡೆದುಹೋಗುತ್ತಾರೆ, ಮರಳುವುದಿಲ್ಲ. ತಂಗಿಯನ್ನು ಯಾರೋ ಹೊತ್ತೊಯ್ಯುತ್ತಾರೆ. ದುಡಿದು, ಓದಿ ಬುದೊರಿ ಜ್ವಾಲಾಮುಖಿ ಇಲಾಖೆಯಲ್ಲಿ ಇಂಜಿನಿಯರ್ ಆಗುತ್ತಾನೆ. ಇಪ್ಪತ್ತೇಳನೇ ವಯಸ್ಸಿನಲ್ಲಿ ಮತ್ತೆ ಅದೇ ತಣ್ಣನೆಯ ಬೇಸಿಗೆ ಬರುವ ಸೂಚನೆ. ಕಾರ್ಬೊನಾಡೊ ಎಂಬ ದ್ವೀಪದ ಜ್ವಾಲಾಮುಖಿಯನ್ನು ಈಗಲೇ ಸಿಡಿಸಿದರೆ ಇಂಗಾಲದ ಡೈಆಕ್ಸೈಡು ಗಾಳಿ ಸೇರಿ ಭೂಮಿ ಸುಮಾರು ಐದು ಡಿಗ್ರಿ ಬೆಚ್ಚಗಾಗುತ್ತದೆ. ಆದರೆ ಸಿಡಿಸುವ ಕೊನೆಯ ಮನುಷ್ಯ ತಪ್ಪಿಸಿಕೊಳ್ಳಲಾರ. ಅರವತ್ತಮೂರರ ಹಿರಿಯ ಇಂಜಿನಿಯರ್ ನಾನು ಹೋಗುತ್ತೇನೆ ಎನ್ನುತ್ತಾನೆ. ಮೊದಲ ಸಲ ಕೆಲಸ ಕೆಟ್ಟರೆ ಸರಿಪಡಿಸಲು ನೀವು ಬೇಕು ಎಂದು ಬುದೊರಿ ತಾನೇ ಹೋಗುತ್ತಾನೆ. ಆ ವರ್ಷ ಬೆಳೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಎಷ್ಟೋ ಅಪ್ಪ-ಅಮ್ಮಂದಿರು ತಮ್ಮ ಬುದೊರಿಗಳೊಂದಿಗೆ ಚಳಿಗಾಲವನ್ನು ಬೆಚ್ಚಗೆ ಉಂಡು ಕಳೆಯುತ್ತಾರೆ.

ಇಂಗಾಲದ ಡೈಆಕ್ಸೈಡು ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಸ್ವೀಡನ್ನಿನ ಅರೀನಿಯಸ್ ಲೆಕ್ಕ ಹಾಕಿ ಪ್ರಕಟಿಸಿದ್ದು ಕೆಂಜಿ ಹುಟ್ಟಿದ 1896ರಲ್ಲೇ. ಚಳಿ ದೇಶದವರಿಗೆ ಆಗ ಅದು ಸಿಹಿ ಸುದ್ದಿ. ಈ ಕಥೆಯನ್ನು ನಾನು ಹೇಳಿದ್ದು ಮೇ ತಿಂಗಳಲ್ಲಿ, ಹೊರಗೆ 45 ಡಿಗ್ರಿ ಇದ್ದ ವಾರ, ಕಲ್ಲಿದ್ದಲ ಸೀಮೆಯಲ್ಲಿ.

‘ಇದು ಉಲ್ಟಾ ಇದೆ’ ಎಂದಳು ಮಗಳು. ‘ಭೂಮಿ ಬಿಸಿ ಮಾಡೋದು ಒಳ್ಳೇದು ಹೇಗಾಗುತ್ತೆ? ಅಮ್ಮನ ಆಸ್ಪತ್ರೆಗೆ ಬಿಸಿಲು ಹೊಡೆದು ದಿನಾ ಜನ ಬರ್ತಾರೆ.’

ಹೆಂಡತಿ ಆಗ ತಾನೇ ಡ್ಯೂಟಿ ಮುಗಿಸಿ ಬಂದಿದ್ದಳು. ‘ಆಸ್ಪತ್ರೆಯ ಕೂಲರ್ ಓಡೋದೂ ಆ ಕಲ್ಲಿದ್ದಲಿಂದಲೇ ಪುಟ್ಟಿ, ನಿನ್ನ ಶಾಲೆಯ ಫೀಸು ಬರೋದೂ ಅಲ್ಲಿಂದಲೇ’ ಎಂದಳು. ಮಗಳು ಬಿಡಲಿಲ್ಲ. ಅಮ್ಮನೂ ಬಿಡಲಿಲ್ಲ. ಊಟ ತಣ್ಣಗಾಯಿತು. ನಾನು ಇಬ್ಬರ ಪರವೂ ವಹಿಸಲಿಲ್ಲ, ಏಕೆಂದರೆ ಇಬ್ಬರೂ ಹೇಳುತ್ತಿದ್ದದ್ದು ಸರಿ. ವಿಜ್ಞಾನ ಹಳತಾಗುತ್ತದೆ, ಮದ್ದು ರೋಗವಾಗುತ್ತದೆ. ಆದರೂ ಕಥೆ ಹಳತಾಗಿಲ್ಲ ಎಂದು ನನಗೆ ಅನಿಸುವುದು ಬೇರೆ ಕಾರಣಕ್ಕೆ. ಹಸಿವಿನಲ್ಲಿ ಬಿಟ್ಟುಹೋದ ಅಪ್ಪ-ಅಮ್ಮನ ಮೇಲೆ ಬುದೊರಿಗೆ ಸಿಟ್ಟಿಲ್ಲ. ಇನ್ನೊಬ್ಬ ಮಗುವಿಗೆ ಹೀಗಾಗಬಾರದು ಎಂಬುದಷ್ಟೇ ಅವನ ಓದಿನ ಗುರಿ. ಎಂಟೆಕ್ ಮಾಡುವಾಗ ನನ್ನ ಗುರಿ ಏನಿತ್ತು ಎಂದು ಕೇಳಿದರೆ ಪ್ಯಾಕೇಜು ಎಂದೇ ಹೇಳಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ತಮ್ಮನ ಬೋರ್‌ವೆಲ್ಲು ಅದರಿಂದಲೇ ಆಯಿತು. ಆದರೆ ಮಗಳು ಕೇಳುವ ‘ನೀನು ಮಾಡೋ ಕೆಲಸದಿಂದ ಯಾರಿಗೆ ಏನಾಗುತ್ತೆ?’ ಎಂಬ ಪ್ರಶ್ನೆಗೆ ಸ್ಲೈಡು ತೋರಿಸಿ ಪಾರಾಗಲು ಆಗುವುದಿಲ್ಲ.

ಜೀವವನ್ನೇ ಕೊಡುವ ಬುದೊರಿಯ ತ್ಯಾಗವನ್ನು ನಾನು ಮಗಳ ಮುಂದೆ ಆದರ್ಶ ಎಂದು ಇಡಲಾರೆ. ಅಪ್ಪನಾದವನಿಗೆ ಅದು ಸಾಧ್ಯವಿಲ್ಲ. ಕೆಂಜಿ ಕೂಡ ತನ್ನ ದೇಹವನ್ನು ಹಾಗೇ ಸುಟ್ಟುಕೊಂಡ. ಅರೆಹೊಟ್ಟೆ, ತಣ್ಣನೆ ಅನ್ನ, ಮಳೆಯಲ್ಲಿ ಓಡಾಟ. ಅವನ ಕಥೆಗಳಲ್ಲಿ ನನಗೆ ಹತ್ತಿರವಾದದ್ದು ಚೆಲ್ಲೊ ಬಾರಿಸುವ ಗೋಶ್‌ನ ಕಥೆ. ಸರಿಯಾಗಿ ಬಾರಿಸಲು ಬರದೆ ಮೇಳದಲ್ಲಿ ಬೈಸಿಕೊಂಡ ಗೋಶ್‌ನ ಮನೆಗೆ ರಾತ್ರಿ ರಾತ್ರಿ ಬೆಕ್ಕು, ಕೋಗಿಲೆ, ರಕೂನ್ ನಾಯಿಮರಿ, ಇಲಿ ಬಂದು ಒಂದಲ್ಲ ಒಂದು ಕಾಟ ಕೊಡುತ್ತವೆ. ಅವುಗಳ ಮೇಲೆ ರೇಗುತ್ತಲೇ ಅವನ ಕೈ ಪಳಗುತ್ತದೆ. ಅವನ ಸಂಗೀತದಿಂದ ಯಾವುದೋ ಇಲಿಮರಿಯ ಕಾಯಿಲೆ ವಾಸಿಯಾಗಿರುತ್ತದೆ, ಅವನಿಗೆ ಗೊತ್ತೇ ಇರುವುದಿಲ್ಲ. ನಮ್ಮ ಕೈಯಿಂದ ಆಗುವ ಒಳ್ಳೆಯದು ಬಹುಪಾಲು ಹೀಗೇ ಇರಬೇಕು.

1933ರ ಸೆಪ್ಟೆಂಬರ್ 20ರ ಸಂಜೆ ಒಬ್ಬ ರೈತ ಗೊಬ್ಬರದ ಬಗ್ಗೆ ಕೇಳಲು ಮನೆಗೆ ಬಂದ. ಕೆಂಜಿಗೆ ಏಳುವ ಶಕ್ತಿ ಇರಲಿಲ್ಲ. ಆದರೂ ಬಟ್ಟೆ ಬದಲಾಯಿಸಿ ಕೆಳಗಿಳಿದು ಹೋಗಿ, ಸುಮಾರು ಒಂದು ಗಂಟೆ ಅವನ ಮಾತು ಕೇಳಿ ಉತ್ತರ ಹೇಳಿದ. ಮರುದಿನ ಮಧ್ಯಾಹ್ನ ತೀರಿಕೊಂಡ. ಮೂವತ್ತೇಳು ವರ್ಷ. ಸೂತ್ರಗ್ರಂಥದ ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಚಿ ಎಂಬುದು ಅಪ್ಪನ ಬಳಿ ಅವನ ಕೊನೆಯ ಕೋರಿಕೆ. ಜೀವನವಿಡೀ ಅದೇ ಗ್ರಂಥದ ವಿಷಯಕ್ಕೆ ಮಗನೊಡನೆ ಜಗಳವಾಡಿದ ಅಪ್ಪ ಅದನ್ನು ನೆರವೇರಿಸಿದರು.

ಕಥೆಗಳು ಉಳಿದದ್ದು ತಮ್ಮನಿಂದ. ಅಣ್ಣ ಒಲ್ಲೆನೆಂದ ಮನೆತನದ ವ್ಯವಹಾರವನ್ನು ಹೊತ್ತವನು ಸೇರೊಕು. ಅಣ್ಣನ ಹಸ್ತಪ್ರತಿಗಳನ್ನು ಕಾಪಾಡಿದವನೂ ಅವನೇ. ಕವಿ ಕುಸಾನೊ ಶಿಂಪೇ ಅವುಗಳನ್ನು ಓದುಗರಿಗೆ ತಲುಪಿಸಲು ದುಡಿದರು. 1945ರ ಆಗಸ್ಟ್ 10ರಂದು ಹನಮಾಕಿಯ ಮೇಲೆ ಬಾಂಬು ಬಿದ್ದು ಮನೆ ಸುಟ್ಟುಹೋಯಿತು, ಹಸ್ತಪ್ರತಿಗಳು ಉಳಿದವು. 2011ರಲ್ಲಿ ಅದೇ ಕರಾವಳಿಗೆ ಮತ್ತೆ ಸುನಾಮಿ ಬಂದಾಗ, ಕೆಂಜಿ ಕಾಯಿಲೆಯಲ್ಲಿ ನೋಟ್‌ಬುಕ್ಕಿನಲ್ಲಿ ಯಾರಿಗೂ ತೋರಿಸದೆ ಗೀಚಿಟ್ಟಿದ್ದ ಒಂದು ಪ್ರಾರ್ಥನೆಯಂಥ ಕವಿತೆಯನ್ನು ಜನ ಒಬ್ಬರಿಗೊಬ್ಬರು ಓದಿ ಹೇಳಿಕೊಂಡರು.

ಇದನ್ನೆಲ್ಲ ತಮ್ಮನಿಗೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೊಲಾ ನೋಡಾಕ ಒಬ್ಬ ತಮ್ಮ ಇದ್ರನ ಅಣ್ಣ ಕಥಿ ಬರಿಯಾಕ ಆಗೂದು, ಅಲ್ಲನು?’ ಎಂದ. ನಗುತ್ತಲೇ ಅಂದದ್ದು. ಈ ವರ್ಷ ಮಣ್ಣು ಪರೀಕ್ಷೆಗೆ ಕೊಟ್ಟಿದ್ದಾನಂತೆ. ಚೀಟಿ ಬಂದ ಮೇಲೆ ಫೋಟೋ ತೆಗೆದು ಕಳಿಸುತ್ತಾನೆ, ಇಬ್ಬರೂ ಕೂತು ಓದಬೇಕು.